ಡ್ರಮ್ಮಿಲ್ಲದ ಆಲ್ಬಮ್

ಜಗಳಕ್ಕೆ ಕಾರಣ ಒಂದು ಗಂಟೆ. ಕಿರುಬೆರಳಿನಷ್ಟಿದ್ದ ಅದನ್ನು ಡ್ರಮ್ಮರನ ಅಂಗೈಯಲ್ಲಿಟ್ಟು ಹಾಡುಗಾರ ಹೇಳಿದ, "ಈ ಆಲ್ಬಮ್ಮಲ್ಲಿ ನಿನ್ನ ಕೆಲಸ ಇಷ್ಟೇ. ಕೊನೇ ಹಾಡಲ್ಲಿ ಒಂದ್ಸಲ ಟಿಣ್ ಅನ್ನಿಸು."

"ಮತ್ತೆ ನನ್ನ ಡ್ರಮ್ಸು?"

"ಅದು ಹಳೇದಾಯ್ತಪ್ಪಾ. ಈಗೇನಿದ್ರೂ ಮನೆಯೊಳಗಿನ ಸದ್ದು. ಕುಕ್ಕರ್ ವಿಷಲ್ಲು, ನಲ್ಲಿ ನೀರು, ಬಾಗಿಲ ಕಿರ್ರು. ಹೊಸ ಶೈಲಿ!"

ಡ್ರಮ್ಮರನ ಪಿತ್ತ ನೆತ್ತಿಗೇರಿತು. ಮೂವತ್ತು ವರ್ಷದಿಂದ ಈ ರಾಕ್ ಬ್ಯಾಂಡನ್ನು ಹೊತ್ತಿದ್ದು ಅವನ ತೋಳು. ತಲೆಗೂದಲು ಉದುರಿತ್ತೇ ಹೊರತು ಕೈಯ ಕೋಲು ಜಾರಿರಲಿಲ್ಲ. ಹಾಡುಗಾರ ತನ್ನ ಹೆಂಡತಿಯ ಅಣ್ಣ ಎಂಬ ಒಂದೇ ಕಾರಣಕ್ಕೆ ಅವನ ಹಲ್ಲುಗಳು ಇನ್ನೂ ಬಾಯಲ್ಲೇ ಇದ್ದವು.

"ಗಂಟೇನೂ ವಾದ್ಯಾನೇ ಅಲ್ವಾ?" ಎಂದ ಗಿಟಾರಿನವನು.

"ನಿನ್ನ ಗಿಟಾರ್ ತಂತಿ ಕಿತ್ಕೊಡ್ತೀನಿ, ಬಟ್ಟೆ ಒಣಗಾಕು!" ಎಂದು ಅಬ್ಬರಿಸಿ, ಗಂಟೆಯನ್ನು ಎಸೆದು ಡ್ರಮ್ಮರ ಮನೆಗೆ ಬಂದ.

"ಅಣ್ಣ ಹೇಳಿದ್ರಲ್ಲಿ ಏನೋ ಇರುತ್ತೆ ಕಣ್ರೀ. ನಮ್ಮ ಕುಕ್ಕರನ್ನೇ ಕೇಳಿದಾನೆ," ಎಂದಳು ಹೆಂಡತಿ ಹೆಮ್ಮೆಯಿಂದ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಕುಕ್ಕರಿಗಿರುವ ಮರ್ಯಾದೆ ತನಗಿಲ್ಲ!

ಕೋಣೆಗೆ ನುಗ್ಗಿ ಡ್ರಮ್ ಬಾರಿಸತೊಡಗಿದ. ಕಿಟಕಿ ಗಾಜು ಗಡಗಡ ನಡುಗಿತು. ಕೆಳಮನೆಯ ನಿವೃತ್ತ ಟೀಚರಮ್ಮ ಎಂದಿನಂತೆ ನೆಲ ಒರೆಸುವ ಕೋಲಿನಿಂದ ತಮ್ಮ ಮನೆಯ ಸೂರು ಗುದ್ದಿದರು. ಇವನು ಜೋರು ಮಾಡಿದರೆ ಅವರೂ ಜೋರು.

ಅಷ್ಟರಲ್ಲಿ ಕುಕ್ಕರ್ ಒಯ್ಯಲು ಹಾಡುಗಾರ ಬಂದ. ಕೋಣೆಯ ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿ ತಲೆದೂಗಿದ. ಕೊನೆಗೂ ದಾರಿಗೆ ಬಂದ ಎಂದುಕೊಂಡ ಡ್ರಮ್ಮರ ಇನ್ನೂ ಹುರುಪಿನಿಂದ ಬಾರಿಸಿದ.

"ನೀನು ಸ್ವಲ್ಪ ನಿಲ್ಸು ಮಾರಾಯ!" ಎಂದ ಹಾಡುಗಾರ.

ಇವನು ನಿಲ್ಲಿಸಿದ. ಕೆಳಗಿನ ಗುದ್ದು ಮಾತ್ರ ಒಂದಿಷ್ಟೂ ಹೆಚ್ಚುಕಮ್ಮಿಯಾಗದೆ ಮುಂದುವರಿಯಿತು.

"ಇದು! ಇದೇ ನೋಡು ಮನೆ ಸದ್ದು!" ಹಾಡುಗಾರ ಮೆಟ್ಟಿಲಿಳಿದು ಓಡಿದ. ಡ್ರಮ್ಮರ ಕೋಲು ಹಿಡಿದೇ ಅಟ್ಟಿಸಿಕೊಂಡು ಹೋದ.

ಟೀಚರಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲು ತೆರೆದರು. ಆಲ್ಬಮ್ಮಿಗೆ ಕರೆದದ್ದೇ ತಡ, "ಬರದೇ ಏನು? ಇಷ್ಟು ವರ್ಷ ಇವರ ತಾಳ ತಿದ್ದೀ ತಿದ್ದೀ ನನ್ನ ಭುಜ ಬಿದ್ದೋಯ್ತು," ಎಂದರು.

ಸಂಜೆಯೇ ಟೀಚರಮ್ಮನ ಅಭ್ಯಾಸ ಶುರುವಾಯಿತು. ಧಡ್, ಧಡ್, ಧಡ್. ಡ್ರಮ್ಮರನ ಕುರ್ಚಿ ಕುಣಿಯಿತು, ಲೋಟ ಕುಣಿಯಿತು. ಅವನು ಕಿವಿ ಮುಚ್ಚಿದ, ಹಲ್ಲು ಕಡಿದ. ಕೊನೆಗೆ ತಡೆಯಲಾರದೆ ಹಿಮ್ಮಡಿಯಿಂದ ನೆಲಕ್ಕೆ ದಬದಬ ಗುದ್ದಿದ.

ಕೆಳಗೆ ಸದ್ದು ನಿಂತಿತು. ಕಿಟಕಿಯಿಂದ ಟೀಚರಮ್ಮನ ದನಿ ಬಂತು:

"ಏನ್ರೀ ಮೇಲ್ಗಡೆ! ತಾಳ ತಪ್ತಿದೆ. ಮೊದಲಿಂದ ಹೊಡೀರಿ!"