ಹತ್ತನೇ ಮಾಲೆಯ ಕೊನೆಯ ಮಣಿ

ಎಲ್ಲದಕ್ಕೂ ಮೂಲ ಡೊಂಬಿವಲಿಯ ಕಶ್ಯಪ ಭಟ್ಟರ ಒಂದು ಫೋನು.

"ನಿಮಗೆ ಬುದ್ಧಿ ಇಲ್ಲ ಅಂತಲ್ಲ ಮಾರಾಯ್ರೆ, ಅದು ಸಮಯಕ್ಕೆ ಬರುವುದಿಲ್ಲ, ಅಷ್ಟೆ. ಸರಸ್ವತಿಯ ಬೀಜಮಂತ್ರ ಹಿಡಿಯಿರಿ. ಒಂದೇ ಅಕ್ಷರ, ಐಂ. ಪರೀಕ್ಷೆಯ ದಿನ ಬೆಳಿಗ್ಗೆ ಮಿಂದು, ಉಸಿರೆಳೆದು, ನಿಧಾನಕ್ಕೆ ಹತ್ತು ಮಾಲೆ. ಮಾಲೆಗೆ ನೂರೆಂಟು ಮಣಿ. ಜಪ ಮಾಡುವಾಗ ಮಾಲೆ ಯಾರ ಕಣ್ಣಿಗೂ ಬೀಳಬಾರದು, ಚೀಲದೊಳಗೆ ಇರಬೇಕು. ಮುಗಿದ ಕೂಡಲೇ ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ದೇವಿಗೆ ಒಪ್ಪಿಸಬೇಕು. ಮತ್ತೆ ಮುಖ್ಯ ವಿಷಯ, ನಡುವೆ ಒಂದು ಮಾತಾಡಿದರೂ ಲೆಕ್ಕ ಹೋಯಿತು. ಪುನಃ ಒಂದರಿಂದ ಶುರು."

ಪುಂಡರೀಕಾಕ್ಷ ಎಲ್ಲವನ್ನೂ ಹಾಲಿನ ಪ್ಯಾಕೆಟ್ಟಿನ ಬಿಲ್ಲಿನ ಹಿಂದೆ ಬರೆದುಕೊಂಡ. ಯಾರು ಏನು ಹೇಳಿದರೂ ಮಾಡಿ ನೋಡುವಂಥ ಅವಸ್ಥೆ ಅವನದು. ಮನೆ ಠಾಣೆಯ ಘೋಡಬಂದರ್ ರಸ್ತೆಯಲ್ಲಿ, ಕೆಲಸ ಶಹಾಡ್‌ನ ಬಣ್ಣದ ಕಾರ್ಖಾನೆಯ ಸ್ಟೋರ್ಸಿನಲ್ಲಿ. ಬಸ್ಸು, ಲೋಕಲ್ ಟ್ರೇನು, ಆಮೇಲೆ ನಡಿಗೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಹೀಗೆ ಹತ್ತೊಂಬತ್ತು ವರ್ಷ. ಅದೇ ಕಂಪನಿಯ ಹೆಡ್ ಆಫೀಸು ಮಾಜಿವಾಡಾದಲ್ಲಿತ್ತು, ಅವನ ಮನೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ದಿನಾ ಬೆಳಿಗ್ಗೆ ಬಸ್ಸು ಮಾಜಿವಾಡಾ ಸಿಗ್ನಲ್ಲಿನಲ್ಲಿ ನಿಂತಾಗ ಆ ಕಟ್ಟಡದ ಬಾಗಿಲು ಇನ್ನೂ ಮುಚ್ಚಿರುತ್ತಿತ್ತು. ಅಲ್ಲಿಯವರು ಈಗಿನ್ನೂ ಮನೆಯಲ್ಲಿ ಕಾಲು ಚಾಚಿ ಚಾ ಕುಡಿಯುತ್ತಿರುತ್ತಾರೆ ಎಂದು ನೆನೆದರೇ ಅವನ ಹೊಟ್ಟೆ ಉರಿಯುತ್ತಿತ್ತು.

ಅಲ್ಲಿ ಈಗ ಮತ್ತೆ ಒಂದು ಕುರ್ಚಿ ಖಾಲಿಯಾಗಿತ್ತು. ಕಂಪನಿಯೊಳಗಿನ ಪರೀಕ್ಷೆಯಲ್ಲಿ ಮೊದಲು ಬಂದವನಿಗೆ ಅದು. ಪರೀಕ್ಷೆಗೆ ಒಬ್ಬರು ಮೂರು ಸಲ ಮಾತ್ರ ಕೂರಬಹುದು. ಪುಂಡರೀಕಾಕ್ಷ ಎರಡು ಸಲ ಕೂತು ಎದ್ದಿದ್ದ. ಮೂರನೆಯದು ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ, ಶಹಾಡ್‌ನ ಕ್ಯಾಂಟೀನಿನಲ್ಲಿ.

ಐದೂವರೆಗೆ ಮಿಂದು, ದೇವರ ಮುಂದೆ ಕೂತು, ಬಲಗೈಯನ್ನು ಕೇಸರಿ ಚೀಲದೊಳಗೆ ತೂರಿಸಿ ಅವನು ಶುರುಮಾಡಿದ. ಐಂ. ಐಂ. ಐಂ. ಮೂರು ಮಾಲೆ ಬೆಣ್ಣೆಯಂತೆ ಜಾರಿದವು. ನಾಲ್ಕನೆಯದರ ನಡುವೆ ಮಗಳು ಸಂಜನಾ ಕಣ್ಣುಜ್ಜಿಕೊಂಡು ಬಂದಳು.

"ಪಪ್ಪಾ, ಮೇರಾ ಚಾರ್ಜರ್ ಕಹಾಂ ಹೈ?"

"ಟಿವಿ ಹಿಂದೆ ಉಂಟು ನೋಡು."

ಹೇಳಿದ ಮೇಲೆ ಗೊತ್ತಾಯಿತು. ಹದಿನೇಳು ವರ್ಷದಿಂದ ಮಗಳು ಹಿಂದಿಯಲ್ಲಿ ಕೇಳುವುದು, ಅಪ್ಪ ಕನ್ನಡದಲ್ಲಿ ಉತ್ತರ ಕೊಡುವುದು ರೂಢಿಯಾಗಿ ಹೋಗಿತ್ತು. ನಾಲಗೆ ಯಾರನ್ನೂ ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತ್ತು. ಹೆಂಡತಿ ಮುಕ್ತಾ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. "ಹೋಯಿತಲ್ಲ! ಇನ್ನು ಒಂದರಿಂದ. ಬಾಯಿಗೆ ಬೀಗ ಹಾಕಿಕೊಂಡು ಕೂತುಕೊಳ್ಳಿ."

ಎರಡನೆಯ ಸಲ ಎಂಟನೇ ಮಾಲೆಯವರೆಗೆ ಹೋಯಿತು. ಆಗ ಬೆಲ್ಲು ಹೊಡೆಯಿತು. ನಿಂತಿತು. ಮತ್ತೆ ಹೊಡೆಯಿತು, ಈ ಸಲ ನಿಲ್ಲಲೇ ಇಲ್ಲ. ಮುಕ್ತಾ ಬಚ್ಚಲಲ್ಲಿ, ಸಂಜನಾಳ ಕಿವಿಯಲ್ಲಿ ಇಯರ್‌ಫೋನು. ಪುಂಡರೀಕಾಕ್ಷ ಚೀಲದ ಸಮೇತ ಎದ್ದು ಬಾಗಿಲು ತೆಗೆದ. ಹೊರಗೆ ಸೊಸೈಟಿಯ ಸೆಕ್ರೆಟರಿ ಯಂಕಪ್ಪ ನಿಂತಿದ್ದರು. ವಿಜಯಪುರದವರು, ರಿಟೈರಾದವರು, ಅಂದರೆ ಇಡೀ ದಿನ ಬೇರೆ ಕೆಲಸ ಇಲ್ಲದವರು.

"ಏನ್ರೀ ಪುಂಡರೀಕ, ನಿಮ್ಮ ಸ್ಕೂಟರ್ ಮತ್ತ ನನ್ನ ಪಾರ್ಕಿಂಗನ್ಯಾಗ ನಿಂತೈತಲ್ರೀ?"

ಪುಂಡರೀಕಾಕ್ಷ ತುಟಿಯ ಮೇಲೆ ಎಡಗೈ ಬೆರಳಿಟ್ಟ. ತುಟಿ ಮಾತ್ರ ಒಳಗೊಳಗೇ ಐಂ ಎನ್ನುತ್ತಿತ್ತು.

"ಯಾಕ್ರೀ, ಮಾತ ಬರವಲ್ದೇನು? ಬಾಯಿ ಯಾಕ ಹಂಗ ನಡುಗಾಕತ್ತೈತಿ? ಬಲಗೈಗೆ ಏನಾತು, ಚೀಲದಾಗ ಯಾಕ ಕಟ್ಟೀರಿ?" ಯಂಕಪ್ಪನವರ ಮುಖದ ಬಣ್ಣ ಬದಲಾಯಿತು. "ಅಯ್ಯಯ್ಯೋ! ನಮ್ಮ ಷಡ್ಡಕಗೂ ಹಿಂಗ ಆಗಿತ್ತು ನೋಡ್ರೀ. ಬಲಗೈ, ಬಾಯಿ, ಎರಡೂ ಒಮ್ಮಿಗೆ! ಲಕ್ವಾ ಹೊಡದೈತಿ! ಯಾರರೆ ಬರ್ರೀ!"

ಎರಡು ನಿಮಿಷದಲ್ಲಿ ಇಡೀ ಮಹಡಿ ಬಾಗಿಲಿಗೆ ಬಂತು. ಒಬ್ಬರು ಅಂಗಾಲು ತಿಕ್ಕಿದರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿ ಲಿಫ್ಟು ಕೆಟ್ಟಿದೆ, ಸ್ಟ್ರೆಚರ್ ಮೆಟ್ಟಿಲಲ್ಲೇ ತರಬೇಕು ಎಂದೂ ತಿಳಿಸಿದರು. ಯಂಕಪ್ಪನವರು ಚೀಲದೊಳಗಿನ ಕೈಯನ್ನು ಹಿಡಿದೆಳೆದು "ಸ್ಪರ್ಶ ಗೊತ್ತಾಗತೈತೇನ್ರೀ?" ಎಂದು ಬೆರಳು ಹಿಂಡಿದರು. ಎಂಟನೇ ಮಾಲೆ, ತೊಂಬತ್ತೊಂದನೇ ಮಣಿ.

"ಬಿಡ್ರೀ ನನ್ನ ಕೈ!" ಎಂದು ಪುಂಡರೀಕಾಕ್ಷ ಕಟ್ಟಡ ನಡುಗುವಂತೆ ಕೂಗಿದ.

"ಮಾತ ಬಂತು! ನನ್ನ ಕೈಗುಣಾ ನೋಡ್ರೀ!" ಎಂದು ಯಂಕಪ್ಪನವರು ಎಲ್ಲರಿಗೂ ಕೈ ಮುಗಿದರು. ನಂತರ ಹೋಗುತ್ತ ಹೋಗುತ್ತ ಸ್ಕೂಟರ್ ತೆಗೆಸುವುದನ್ನೂ ಮರೆಯಲಿಲ್ಲ.

ಬಸ್ಸಿನಲ್ಲಿ ಜಪ ಮಾಡುವಂತಿರಲಿಲ್ಲ, ಕಂಡಕ್ಟರಿಗೆ 'ಸ್ಟೇಷನ್' ಎನ್ನಬೇಕಲ್ಲ. ಮಾಜಿವಾಡಾ ಸಿಗ್ನಲ್ಲಿನಲ್ಲಿ ಮುಚ್ಚಿದ ಆ ಬಾಗಿಲಿಗೆ ಕಣ್ಣಲ್ಲೇ ನಮಸ್ಕಾರ ಹಾಕಿ, ಠಾಣೆ ಸ್ಟೇಷನ್ನಿನಲ್ಲಿ ಒಂಬತ್ತೂಕಾಲರ ಲೋಕಲ್ ಹತ್ತಿ, ಮೂಲೆಯ ಸೀಟು ಹಿಡಿದು, ಫೋನು ಆಫ್ ಮಾಡಿ, ಮೂರನೆಯ ಸಲ ಒಂದರಿಂದ ಶುರುಮಾಡಿದ. ಇನ್ನು ತಪ್ಪಿದರೆ ಸಮಯವೇ ಇರಲಿಲ್ಲ. ಇದು ಅವನಿಗೂ ಗೊತ್ತಿತ್ತು, ದೇವಿಗೂ ಗೊತ್ತಿತ್ತು.

ಡೊಂಬಿವಲಿ ದಾಟಿದ ಮೇಲೆ ಎದುರಿನ ಸೀಟಿನ ಹೆಂಗಸು ಅವನ ಚೀಲವನ್ನೇ ನೋಡತೊಡಗಿದಳು. ಚೀಲದೊಳಗೆ ಏನೋ ಸಣ್ಣಗೆ ಅಲುಗಾಡುತ್ತಿತ್ತು. ಮೇಲೆ ಗಡ್ಡ ಬೋಳಿಸದ, ಬೆವರಿದ, ತುಟಿ ಅಲ್ಲಾಡಿಸುವ ಗಂಡಸು. ಆಕೆ ಎದ್ದು ಹೋಗಿ ಪೊಲೀಸನನ್ನು ಕರೆತಂದಳು.

"ಕಾಯ್ ಆಹೇ ಪಿಶವೀತ್? ಚೀಲದಲ್ಲಿ ಏನು? ತೋರಿಸು."

ಪುಂಡರೀಕಾಕ್ಷ ತಲೆಯಾಡಿಸಿದ.

"ಹೆಸರೇನು? ಎಲ್ಲಿ ಇಳಿಯುವುದು?"

ಐಂ. ಅರವತ್ತೆರಡು. ಐಂ. ಅರವತ್ತಮೂರು.

ಅಕ್ಕಪಕ್ಕದ ಸೀಟುಗಳು ಖಾಲಿಯಾದವು. ಪೊಲೀಸ ಲಾಠಿಯಿಂದ ಚೀಲವನ್ನು ಮುಟ್ಟಿದ. ಪುಂಡರೀಕಾಕ್ಷನಿಗೆ ಅಳು ಬಂತು. ಮಾಲೆ ಕಂಡರೆ ದೋಷ, ಮಾತಾಡಿದರೆ ಪರೀಕ್ಷೆಯೇ ಹೋಯಿತು. ಸಣ್ಣ ದೋಷ ಇರಲಿ ಎಂದು ಚೀಲದ ಬಾಯನ್ನು ಒಂದೇ ಒಂದು ಇಂಚು ತೆರೆದು ತೋರಿಸಿದ. ಪೊಲೀಸ ಬಗ್ಗಿ ನೋಡಿದ, ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿದ, ಟೋಪಿ ತೆಗೆದು ಕೈ ಮುಗಿದ.

"ಮಹಾರಾಜ್ ಮೌನದಲ್ಲಿದ್ದಾರೆ! ಯಾರೂ ತೊಂದರೆ ಕೊಡಬೇಡಿ!"

ಅಲ್ಲಿಂದ ತೊಂದರೆ ಶುರುವಾಯಿತು. ಖಾಲಿಯಾದ ಸೀಟುಗಳು ತುಂಬಿದವು. ಪೊಲೀಸನನ್ನು ಕರೆತಂದ ಹೆಂಗಸೇ ಮೊದಲು ಕಾಲಿಗೆ ಬಿದ್ದು, ಮಗನಿಗೆ ಹೆಣ್ಣು ಯಾವಾಗ ಸಿಕ್ಕುತ್ತದೆಂದು ಕೇಳಿದಳು. ಒಬ್ಬ ತೊಡೆಯ ಮೇಲೆ ಎರಡು ಬಾಳೆಹಣ್ಣು ಇಟ್ಟ. ಶಹಾಡ್ ಬಂತು. ಪುಂಡರೀಕಾಕ್ಷ ಎದ್ದ. "ಮಹಾರಾಜರು ಎದ್ದರು, ಆಶೀರ್ವಾದ ಕೊಡ್ತಾರೆ!" ಎಂದು ಜನ ಇನ್ನೂ ಹತ್ತಿರ ಬಂದರು. ಬಾಯಿಬಿಟ್ಟು 'ಇಳಿಯಬೇಕು' ಎನ್ನುವ ಹಾಗಿಲ್ಲ. ಶಹಾಡ್ ಹೋಯಿತು, ಅಂಬಿವಲಿಯೂ ಹೋಯಿತು. ಟಿಟ್ವಾಳಾದಲ್ಲಿ ಅರ್ಧ ಡಬ್ಬಿ ಗಣಪತಿ ದರ್ಶನಕ್ಕೆ ಇಳಿಯುವಾಗ ಇವನನ್ನೂ ನೂಕಿಕೊಂಡು ಇಳಿಯಿತು.

ಮರಳುವ ಟ್ರೇನಿನಲ್ಲಿ ಆಸನಗಾಂವ್ ಕಡೆಯಿಂದ ಬರುತ್ತಿದ್ದ ಜಯಶೀಲ ಸಿಕ್ಕಿದ. ಅದೇ ಸ್ಟೋರ್ಸಿನವನು, ಅದೇ ಪರೀಕ್ಷೆಯವನು.

"ಎಂತದು ಮಾರಾಯ್ರೆ, ನೀವು ಈ ಕಡೆಯಿಂದ? ಕೈಯಲ್ಲಿ ಬಾಳೆಹಣ್ಣು ಬೇರೆ! ಪರೀಕ್ಷೆಗೆ ಓದಿದ್ರಾ? ನಾನಂತೂ ಪುಸ್ತಕ ಮುಟ್ಟಲಿಲ್ಲ. ಲಿಸ್ಟಿನಲ್ಲಿ ಹೆಸರು ಬಂತು, ಹೊರಟು ಬಂದೆ. ನನಗೆ ಎಂತಕ್ಕೆ ಮಾಜಿವಾಡಾ? ಹೋದ ವರ್ಷವಷ್ಟೇ ಆಸನಗಾಂವ್‌ನಲ್ಲಿ ಮನೆ ತಗೊಂಡದ್ದು. ಮತ್ತೆ ಒಂದು ಗುಟ್ಟು ಉಂಟು..."

ಏಳನೇ ಮಾಲೆ. ಜಯಶೀಲ ಬಾಯಿ ತೆರೆದರೆ ಶಹಾಡ್ ಬರುವವರೆಗೂ ಮುಚ್ಚುವವನಲ್ಲ. ಪುಂಡರೀಕಾಕ್ಷ ಎಡಗೈಯಿಂದ ಬ್ಯಾಗು ತಡಕಿ, ಮೂರು ತಿಂಗಳು ಕೂತು ಬರೆದ ನೋಟ್ಸ್ ಪುಸ್ತಕವನ್ನೇ ಅವನ ಕೈಗೆ ತುರುಕಿದ. ತನಗೆ ಹೇಗೂ ಬಾಯಿಪಾಠ ಆಗಿದೆ, ಇವನು ಓದಿಕೊಂಡಾದರೂ ಸುಮ್ಮನಿರಲಿ. ಉಪಾಯ ಫಲಿಸಿತು. ಜಯಶೀಲ ಓದತೊಡಗಿದ.

ಹನ್ನೊಂದಕ್ಕೆ ಹತ್ತು ನಿಮಿಷ. ಕ್ಯಾಂಟೀನಿನ ಹಿಂದಿನ ಬೆಂಚಿನಲ್ಲಿ ಪುಂಡರೀಕಾಕ್ಷ ಕಣ್ಣು ಮುಚ್ಚಿ ಕೂತಿದ್ದ. ಹತ್ತನೇ ಮಾಲೆ, ಎಂಬತ್ತನೇ ಮಣಿ. ಮುಂದೆ ದೊಡ್ಡ ಸಾಹೇಬರು ಬಂದು ನಿಂತದ್ದು ಅವನಿಗೆ ಗೊತ್ತಾಗಲಿಲ್ಲ. ಅವರು ಹಿಂದಿ ಮರಾಠಿ ಕಲಸಿ ಹೇಳಿದ್ದು ಇಷ್ಟು:

"ಪೇಪರ್ ಕೊಡುವ ಮೊದಲು ಒಂದು ಮಾತು. ಕಂಪನಿ ಆಸನಗಾಂವ್‌ನಲ್ಲಿ ಹೊಸ ಗೋದಾಮು ತೆರೆಯುತ್ತಿದೆ."

ಐಂ. ತೊಂಬತ್ತನಾಲ್ಕು.

"ಒಬ್ಬ ಇನ್‌ಚಾರ್ಜ್ ಬೇಕು. ಪ್ರಮೋಷನ್ ಉಂಟು, ಪರೀಕ್ಷೆ ಬೇಡ. ಆದರೆ ಮೂರು ವರ್ಷ ಬದಲಿ ಕೇಳುವ ಹಾಗಿಲ್ಲ."

ಐಂ. ನೂರಾ ಮೂರು.

"ದೂರ, ಗೊತ್ತು. ಒತ್ತಾಯ ಮಾಡುವುದಿಲ್ಲ. ಮನಸ್ಸಿದ್ದವರು ಕೈ ಎತ್ತಿ. ಮೊದಲು ಎತ್ತಿದವರಿಗೆ."

ಐಂ. ನೂರಾ ಎಂಟು!

ಪುಂಡರೀಕಾಕ್ಷನ ಮೈಯೆಲ್ಲ ಪುಳಕವಾಯಿತು. ಚೀಲದಿಂದ ಮಾಲೆ ತೆಗೆದು, ಎರಡೂ ಕೈಗಳನ್ನು ತಲೆಯ ಮೇಲೆ, ಫ್ಯಾನಿಗೆ ತಾಗುವಷ್ಟು ಎತ್ತಿ, ದೇವಿಗೆ ಒಪ್ಪಿಸಿದ.

ಚಪ್ಪಾಳೆ ಕೇಳಿ ಕಣ್ಣು ಬಿಟ್ಟ. ಸಾಹೇಬರು ಅವನತ್ತಲೇ ನಡೆದು ಬರುತ್ತಿದ್ದರು. "ಶಾಬಾಸ್! ಒಂದು ಕೈ ಕೇಳಿದರೆ ಎರಡು ಕೈ! ಜೊತೆಗೆ ಪ್ರಾರ್ಥನೆ! ಆಸನಗಾಂವ್ ಗೋದಾಮು ನಿಮ್ಮದು."

"ಸಾಬ್, ಹಾಗಲ್ಲ ಸಾಬ್, ನಾನು ಕೈ ಎತ್ತಿದ್ದು ಬೇರೆ..."

ಸಾಹೇಬರ ಹುಬ್ಬು ಗಂಟಿಕ್ಕಿತು. "ಬೇರೆ ಅಂದರೆ? ಇಷ್ಟು ಹೊತ್ತು ನಾನು ಮಾತಾಡಿದ್ದನ್ನು ನೀವು ಕೇಳುತ್ತಿರಲಿಲ್ಲವಾ?"

ಹತ್ತೊಂಬತ್ತು ವರ್ಷದ ನೌಕರಿ ಪುಂಡರೀಕಾಕ್ಷನ ಕಣ್ಣ ಮುಂದೆ ಹಾದುಹೋಯಿತು.

"ಕೇಳ್ತಿದ್ದೆ ಸಾಬ್. ಪ್ರತಿಯೊಂದು ಮಾತೂ ಕೇಳ್ತಿದ್ದೆ."

"ಹಾಗಾದರೆ ಪೇಪರ್ ಬೇಡ. ಈಗಲೇ ಹೊರಡಿ, ಗೋದಾಮು ನೋಡಿ ಬನ್ನಿ."

ಬಾಗಿಲಲ್ಲಿ ಜಯಶೀಲ ಅಡ್ಡ ನಿಂತ. ಅವನ ಬಲಗೈ ಇನ್ನೂ ಹೆಗಲವರೆಗೆ ಎತ್ತಿದಲ್ಲೇ ಇತ್ತು. "ನೀವು ಮನುಷ್ಯರಾ? ಆ ಗೋದಾಮು ನನ್ನ ಮನೆಯ ಹಿಂದಿನ ಗೋಡೆ ಮಾರಾಯ್ರೆ! ಟ್ರೇನಿನಲ್ಲಿ ನಿಮಗೆ ಹೇಳಲಿಕ್ಕೆ ಹೊರಟದ್ದೇ ಅದು! ಅರ್ಧ ಕೈ ಎತ್ತಿದ್ದೆ, ಅಷ್ಟರಲ್ಲಿ ನೀವು ಎರಡೆತ್ತಿ ನುಂಗಿಬಿಟ್ಟಿರಿ!"

ಸಿಟ್ಟಿನಲ್ಲೇ ಅವನು ಹೋಗಿ ಪರೀಕ್ಷೆಗೆ ಕೂತ. ಟ್ರೇನಿನಲ್ಲಿ ಓದಿದ್ದ ನಾಲ್ಕು ಪುಟವೇ ಪ್ರಶ್ನೆಪತ್ರಿಕೆಯ ತುಂಬ ಬಂದಿತ್ತು. ಸಂಜೆಯ ಹೊತ್ತಿಗೆ ಫಲಿತಾಂಶವೂ ಬಂತು. ಜಯಶೀಲ ಮೊದಲಿಗ, ಮಾಜಿವಾಡಾದ ಕುರ್ಚಿ ಅವನ ಕೊರಳಿಗೆ ಬಿತ್ತು.

ಮನೆಯಲ್ಲಿ ಮುಕ್ತಾ ಪಾಯಸ ಮಾಡಿದ್ದಳು. ಕಶ್ಯಪ ಭಟ್ಟರ ಫೋನಂತೂ ಸಂತೋಷದಿಂದ ಒಡೆಯುವಂತಿತ್ತು. "ನೋಡಿದಿರಾ ಮಾರಾಯ್ರೆ! ಪರೀಕ್ಷೆ ಬರೆಯದೆಯೇ ಪ್ರಮೋಷನ್! ಜಪ ಬಿಡಬೇಡಿ. ಆಸನಗಾಂವ್ ಅಂದರೆ ಹೋಗಲಿಕ್ಕೇ ಮೂರು ಗಂಟೆ, ಇಪ್ಪತ್ತು ಮಾಲೆ ಆರಾಮದಲ್ಲಿ ಆಗ್ತದೆ."

ಸೋಮವಾರ ಬೆಳಿಗ್ಗೆ ಬಸ್ಸು ಎಂದಿನಂತೆ ಮಾಜಿವಾಡಾ ಸಿಗ್ನಲ್ಲಿನಲ್ಲಿ ನಿಂತಿತು. ಪುಂಡರೀಕಾಕ್ಷ ಆ ಕಡೆ ನೋಡಲಿಲ್ಲ. ಕಲ್ಯಾಣದಲ್ಲಿ ಅವನ ಟ್ರೇನು ನಿಂತಾಗ ಪಕ್ಕದ ಹಳಿಯಲ್ಲಿ ಮುಂಬೈ ಕಡೆಯ ಟ್ರೇನು ಬಂದು ನಿಂತಿತು. ಬಾಗಿಲಲ್ಲಿ ಜನರ ನಡುವೆ ಅರೆದುಹೋಗಿದ್ದ ಜಯಶೀಲ ಇವನನ್ನು ಕಂಡು, ಹೇಗೋ ಒಂದು ಕೈಯನ್ನು ಮೇಲೆ ಬಿಡಿಸಿಕೊಂಡು ಬೀಸಿದ.

ಪುಂಡರೀಕಾಕ್ಷ ತಲೆಯಾಡಿಸಿ ನಕ್ಕ. ಎರಡೂ ಕೈಗಳನ್ನು ಮಾತ್ರ ತೊಡೆಯಡಿಗೆ ಗಟ್ಟಿಯಾಗಿ ಒತ್ತಿಕೊಂಡು ಕೂತಿದ್ದ.