ಏಳು ಬಾಗಿನ ಪಟ್ಟಿ ಕತ್ತರಿಸಿದ ತಜ್ಞರಿಗೆ

ಸಿಂಗಟಗೆರೆ, ಜೂನ್ ೧೯೮೬

ಮಾನ್ಯರೇ,

ಹೊಲಿಗೆ ತರಬೇತಿಯ ಮಹಾತಜ್ಞರಾದ ತಮಗೆ ಸಿಂಗಟಗೆರೆ ಮಹಿಳಾ ಮಂಡಳಿಯ ಕಾರ್ಯದರ್ಶಿ ಮಲ್ಲಿಕಾಂಬ ಮಾಡುವ ಸಾವಿರ ನಮಸ್ಕಾರಗಳು. ತಾವು ಜೀಪಿನಿಂದಿಳಿದು ನಮ್ಮೂರಿನ ನೆಲ ಮೆಟ್ಟಿದ ಆ ಮಂಗಳವಾರವನ್ನು ನಾವು ಮರೆತಿಲ್ಲ, ಮರೆಯಲು ತಾವು ಬಿಟ್ಟೂ ಇಲ್ಲ. ತಮ್ಮ ಕೀರ್ತಿ ಒಂದು ಲಕೋಟೆಯಲ್ಲಿ ಹಿಡಿಸುವಂಥದ್ದಲ್ಲವಾದ್ದರಿಂದ ಈ ಪತ್ರದ ಇನ್ನೊಂದು ಪ್ರತಿಯನ್ನು ಮಂಡಳಿಯ ಬಾಗಿಲಿಗೂ ಅಂಟಿಸಿದ್ದೇನೆ.

ರೋಟರಿ ಕಟರ್ ಎಂಬ ಚಕ್ರಗತ್ತಿಯನ್ನು ತಾವು ಪೆಟ್ಟಿಗೆಯಿಂದ ಹೊರತೆಗೆದ ಗಾಂಭೀರ್ಯ ಕಂಡು, ಕರ್ಜಿಕಾಯಿಯ ಅಂಚು ಕತ್ತರಿಸಲು ನಮ್ಮ ಅಡುಗೆಮನೆಗಳಲ್ಲೂ ಅಂಥದೇ ಒಂದು ಚಕ್ರವಿದೆಯೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಇದರಿಂದ ಕೌದಿಯ ಬಟ್ಟೆಯನ್ನು ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸಬಹುದೆಂದಿರಿ. ಇರಬಹುದು. ಆದರೆ ಬಟ್ಟೆಯ ಕೆಳಗೆ ಹಾಸಬೇಕಾದ ರಬ್ಬರ್ ಹಾಸನ್ನೂ ಕತ್ತರಿಸಿ ತೋರಿಸಲು ತರಬೇಕಿದ್ದ ಬಟ್ಟೆಯನ್ನೂ ತಾವು ಕಡೂರಿನಲ್ಲೇ ಮರೆತು ಬಂದಿದ್ದಿರಿ.

ಇಲ್ಲಿ ನನ್ನದೊಂದು ತಪ್ಪಿದೆ. ನಲವತ್ತು ವರ್ಷಗಳಿಂದ ಕೌದಿ ಹೊಲಿಯುತ್ತಿರುವ ಜವರಮ್ಮನವರ ಮಡಿಲಲ್ಲಿ ಅಂದು ಅವರ ತೀರಿಹೋದ ತಾಯಿಯ ಕೆಂಪಂಚಿನ ಹತ್ತಿ ಸೀರೆಯಿತ್ತು. ಚೊಚ್ಚಲ ಹೆರಿಗೆಗೆ ಬಂದಿರುವ ಮಗಳೂ ಹುಟ್ಟುವ ಕೂಸೂ ಒಟ್ಟಿಗೆ ಹೊದೆಯುವಂಥ ಕೌದಿ ಮಾಡಲು ಅದನ್ನು ತಂದಿದ್ದರು. ಬಂದ ಅತಿಥಿಯ ಮುಂದೆ ಚಿಂದಿ ಹಾಸಬಾರದೆಂಬ ನಮ್ಮೂರಿನ ಮರ್ಯಾದೆಗೆ ಕಟ್ಟುಬಿದ್ದು, ಅವರನ್ನೊಂದು ಮಾತೂ ಕೇಳದೆ, ಆ ಸೀರೆಯನ್ನೆತ್ತಿ ತಮ್ಮ ಮೇಜಿನ ಮೇಲಿಟ್ಟವಳು ನಾನೇ.

ನಮ್ಮಲ್ಲಿ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿಯುತ್ತಾರೆ. "ಹರಿದ್ರೆ ಬಟ್ಟೆ ತನ್ನ ಎಳೆ ತಾನೇ ಹಿಡ್ಕಂಡು ಹೋಯ್ತದೆ ಕಣ್ರೀ, ಸೊಟ್ಟ ಆಗಲ್ಲ" ಎಂದು ಜವರಮ್ಮನವರು ಹೇಳಿದಾಗ ತಾವು ನಕ್ಕು, ಅದು ಕಾಡುಜನರ ಪದ್ಧತಿ ಎಂದಿರಿ. ಸೀರೆಯನ್ನು ಮೂರು ಸಲ ಮಡಿಸಿ ಎಂಟು ಪದರ ಮಾಡಿ, ಮಡಿಕೆ ಸ್ಕೇಲಿಗೆ ಲಂಬವಾಗಿದೆಯೇ ಎಂದು ನೋಡುವ ಗೋಜಿಗೂ ಹೋಗದೆ, ಸ್ಕೇಲನ್ನು ನಶ್ಯ ಚಿವುಟುವ ಹಾಗೆ ಎರಡೇ ಬೆರಳಲ್ಲಿ ಒತ್ತಿ ಹಿಡಿದು ಚಕ್ರ ಓಡಿಸಿದಿರಿ. ಮೊದಲನೆಯ ಪಟ್ಟಿಯನ್ನು ಬಿಚ್ಚಿ ನೋಡಿ ಸ್ವಾಮಿ ಎಂದು ಅವರು ಬೇಡಿಕೊಂಡರೆ ತಾವು ಕೈಯೆತ್ತಿ ತಡೆದಿರಿ, ನಾನು ಕಣ್ಸನ್ನೆ ಮಾಡಿ ಅವರನ್ನು ಸುಮ್ಮನಿರಿಸಿದೆ.

ಸೀರೆ ಪೂರ್ತಿ ಮುಗಿದ ಮೇಲೆ ತಾವು ಬಿಚ್ಚಿ ತೋರಿಸಿದ ಪಟ್ಟಿಗಳನ್ನು ಏನೆಂದು ಹೊಗಳಲಿ! ಒಂದೊಂದರಲ್ಲೂ ಏಳೇಳು ಬಾಗು, ಮಡಿಕೆ ಇದ್ದಲ್ಲೆಲ್ಲ ಮೊಣಕೈ. ಬಟ್ಟೆ ಹಳೆಯದು, ಅದಕ್ಕೇ ಹೀಗೆ ಎಂದು ತೀರ್ಪು ಕೊಟ್ಟು ಊಟಕ್ಕೆ ಎದ್ದಿರಿ. ಊಟದಲ್ಲಿ ಮಾತ್ರ ತಮ್ಮ ಅಳತೆ ಎಲ್ಲೂ ತಪ್ಪಲಿಲ್ಲ.

ಇಂಥ ಪ್ರತಿಭೆ ಬಟ್ಟೆಗಷ್ಟೇ ಸೀಮಿತವಾಗಬಾರದು. ದಯಮಾಡಿ ಇನ್ನೊಮ್ಮೆ ಬಂದು ನಮ್ಮ ಹೊಲಗಳ ಬದುಗಳನ್ನೂ ಅಳೆದುಕೊಡಬೇಕು; ಯಾರ ಗಡಿ ಎಲ್ಲಿದೆಯೆಂದೇ ತಿಳಿಯದಿದ್ದರೆ ಜಗಳಕ್ಕೆ ಆಸ್ಪದವೇ ಇರುವುದಿಲ್ಲ. ಆಷಾಢದಲ್ಲಿ ಹುಟ್ಟುವ ಕೂಸಿಗೆ ಏಳು ಕಡೆ ಬಾಗಿ ಮಲಗುವ ತರಬೇತಿಯನ್ನೂ ತಾವೇ ಕೊಡಬೇಕು. ಜವರಮ್ಮನವರು ಬಾಗುಗಳನ್ನೆಲ್ಲ ಕತ್ತರಿಸಿ ತೆಗೆದು, ಉಳಿದ ತುಂಡುಗಳನ್ನು ಎಳೆ ನೋಡಿ ಹರಿದು ಕೂಡಿಸಿದ್ದಾರೆ. ಕೌದಿ ಕೂಸಿಗೆ ಮಾತ್ರ ಸಾಲುತ್ತದೆ, ಬಾಣಂತಿಗೆ ಇಲ್ಲ. ತಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಅವರು ಮಾತ್ರ ನನ್ನನ್ನು ಇವತ್ತಿಗೂ ಒಂದು ಮಾತು ಅಂದಿಲ್ಲ.

ಎಂಟು ಪದರದ ವಿಷಯವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ
ತಮ್ಮ ವಿಶ್ವಾಸಿ,
ಮಲ್ಲಿಕಾಂಬ

ಬರೆದು ಮುಗಿಸಿದ ಮೇಲೆ ನೆನಪಾದದ್ದು: ಕೌದಿಗೆ ಸೇರದೆ ಉಳಿದ, ತಮ್ಮ ಕೈಚಳಕದ ಒಂದು ಪಟ್ಟಿಯನ್ನು ಲಕೋಟೆಯಲ್ಲಿಟ್ಟಿದ್ದೇನೆ. ಅದನ್ನು ಕೊಡಿರೆಂದು ಈ ಸಲ ಜವರಮ್ಮನವರನ್ನು ಕೇಳಿಯೇ ತಂದೆ. ತಮ್ಮ ವಿದ್ಯೆಯೆಲ್ಲ ಬಳಸಿ ನೇರ ಮಾಡಿ ಹಿಂದಿರುಗಿಸಬೇಕು. ಆಗದಿದ್ದರೆ ಸೊಟ್ಟಗಿದ್ದ ಹಾಗೆಯೇ ಕಳಿಸಿ, ಅದು ಅವರ ತಾಯಿಯ ಸೀರೆ.