ಸೊನ್ನೆ ತಗೊಂಡ ಲಿಪಿಕಾರ

ನಮ್ಮ ವಿಶ್ವವಿದ್ಯಾಲಯದಲ್ಲಿ ಏನೂ ಗೊತ್ತಿಲ್ಲ ಅಂತ ಸೀಲು ಹಾಕಿಸಿಕೊಂಡ ಮೊದಲನೇ ಮನುಷ್ಯ ನಾನು. ಮೂರನೇ ಕ್ಲಾಸು ಓದಿದ ಜವಾನ. ಸುಮ್ಮನೆ ಕೊಟ್ಟಿದ್ದಲ್ಲ ಆ ಸೀಲು. ನೂರಕ್ಕೆ ಸೊನ್ನೆ ತಗೊಂಡೆ. ಇನ್ಯಾರ ಕೈಲೂ ಆಗಿರಲಿಲ್ಲ.

ವಿಷಯ ಇಷ್ಟು. ಸಸ್ಯಶಾಸ್ತ್ರ ಓದೋ ಒಂದು ಹುಡುಗಿಗೆ ಕಣ್ಣು ಕಾಣಲ್ಲ. ಪರೀಕ್ಷೇಲಿ ಅವಳು ಬಾಯಲ್ಲಿ ಹೇಳ್ತಾಳೆ, ಇನ್ನೊಬ್ಬರು ಬರೀಬೇಕು. ಬರೆಯೋರಿಗೆ ಲಿಪಿಕಾರ ಅಂತಾರೆ. ಲಿಪಿಕಾರನಿಗೆ ವಿಷಯ ಗೊತ್ತಿದ್ರೆ ತಾನೇ ಉತ್ತರ ಸೇರಿಸಿಬಿಡ್ತಾನಂತೆ. ಅದಕ್ಕೇ ಅಜ್ಞಾನ ಪರಿಶೀಲನಾ ಸಮಿತಿ. ರಿಜಿಸ್ಟ್ರಾರ್ ಸಾಹೇಬರು ಅಧ್ಯಕ್ಷರು, ಸಸ್ಯಶಾಸ್ತ್ರದ ಮೇಷ್ಟ್ರು ಪ್ರಶ್ನೆ ಕೇಳೋರು.

ಹುಡುಗಿ ಮೊದಲು ತನ್ನ ತಂಗೀನ ಕರಕೊಂಡು ಬಂದ್ಲು. ತಂಗಿ ಬೀಜ ಬಿತ್ತಿದ್ರೆ ಮೊಳಕೆ ಬರುತ್ತೆ ಅಂದ್ಲು, ಆಚೆ ಹಾಕಿದ್ರು. ಕ್ಯಾಂಟೀನಿನ ಅಡುಗೆಯವನು ಎಲೆ ಹಸಿರು ಅಂದ. "ಸದರಿ ವ್ಯಕ್ತಿಗೆ ವಿಷಯದ ಪೂರ್ವಜ್ಞಾನ ಇರುವುದರಿಂದ ತಿರಸ್ಕರಿಸಲಾಗಿದೆ." ನಾನು ಎಲ್ಲದಕ್ಕೂ "ಗೊತ್ತಿಲ್ಲ ಸಾರ್" ಅಂದೆ. ನಿನ್ನ ಹೆಸರೇನಯ್ಯಾ ಅಂದ್ರು. ಅದಕ್ಕೂ ಅದೇ ಅಂದೆ.

ಮೊದಲನೇ ಪತ್ರಿಕೆ ಮೂವತ್ತೆರಡು ಪುಟ ಬರೆದೆ. ನನ್ನ ಅಕ್ಷರ ಮುತ್ತು. ಆದ್ರೆ ಆಮೇಲೆ ಸುತ್ತೋಲೆ ಬಂತು: "ಮೊದಲ ಪತ್ರಿಕೆ ಬರೆದ ಲಿಪಿಕಾರರಿಗೆ ಜ್ಞಾನ ತಗುಲಿರುವ ಸಂಭವವಿರುವುದರಿಂದ ಮರುಪರಿಶೀಲನೆ ಮಾಡತಕ್ಕದ್ದು. ಗೊತ್ತಿಲ್ಲ ಎನ್ನುವವರಿಗೆ ಗೊತ್ತಿರಬಹುದಾದ್ದರಿಂದ, ಈ ಬಾರಿ ತಪ್ಪು ಉತ್ತರವನ್ನೇ ಹೇಳತಕ್ಕದ್ದು."

ಎರಡನೇ ಪತ್ರಿಕೆ ದಿನ ಬೆಳಗ್ಗೆ ಹುಡುಗಿ ಬಾಗಿಲಲ್ಲೇ ನನ್ನ ಕೈ ಹಿಡಕೊಂಡ್ಲು.

"ತಾತ, ಹತ್ತಕ್ಕೆ ಬಾಗಿಲು ಹಾಕ್ತಾರೆ. ನೀವು ಪಾಸಾಗಿಬಿಟ್ರೆ ನನ್ನ ಒಂದು ವರ್ಷ ಹೋಯ್ತು. ಸ್ವಲ್ಪ ಹೊತ್ತು ದಡ್ಡರಾಗಿರಿ."

"ನನ್ನಂಥ ಜಾಣನ ಕೈಲಿ ಆಗುತ್ತೇನಮ್ಮ?"

"ಹೋದ ಸಲ ಏನೂ ಕಷ್ಟ ಆಗಲಿಲ್ಲವಲ್ಲ."

ಒಳಗೆ ಹೋದ್ವಿ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಆಲೂಗಡ್ಡೆ ಬೇರೋ ಕಾಂಡವೋ?" ಅಂದ್ರು.

ಕಾಂಡ! ಹುಡುಗಿ ಪುಟಗಟ್ಟಲೆ ಹೇಳಿ ಬರೆಸಿದ್ಲು. ನಾಲಿಗೆ ತುದಿಗೆ ಬಂದಿತ್ತು, ಕಚ್ಚಿಕೊಂಡೆ.

"ಬೇರು."

"ಶಭಾಷ್! ಸರಿ ಉತ್ತರ!" ಅಂದು ಮೇಷ್ಟ್ರು ಬರೆದುಕೊಂಡ್ರು. "ಇವನಿಗೆ ಗೊತ್ತಿದೆ. ಅನರ್ಹ."

ಹುಡುಗಿ ಮುಖ ಸಣ್ಣದಾಯ್ತು. ಆಮೇಲೆ ಮೆಲ್ಲಗೆ, "ಸಾರ್, ಅದು ಕಾಂಡ" ಅಂದ್ಲು.

"ನನಗೇ ಹೇಳಿಕೊಡ್ತೀಯೇನಮ್ಮ?"

"ನಿಮ್ಮ ಪುಸ್ತಕದಲ್ಲೇ ಇದೆ ಸಾರ್. ತಂಗಿ ಓದಿ ಹೇಳಿದ್ಲು."

ಪುಸ್ತಕ ತರಿಸಿದ್ರು. ಇತ್ತು. ಮೇಷ್ಟ್ರು ತಿರುಗಿಸಿ ತಿರುಗಿಸಿ ನೋಡಿ, "ಬರೆದಿದ್ದೇನೋ ನಾನೇ. ಓದಿರಲಿಲ್ಲ" ಅಂದ್ರು.

ಗಡಿಯಾರದಲ್ಲಿ ಹತ್ತಕ್ಕೆ ಎಂಟು ನಿಮಿಷ. ಉತ್ತರ ತಪ್ಪು ಅಂತಾದ ಮೇಲೆ ನಾನೇ ಲಿಪಿಕಾರ. ಸಾಹೇಬರು ಸಹಿ ಹಾಕೋಕೆ ಪೆನ್ನು ಎತ್ತಿದ್ರು. ಎತ್ತಿದೋರು ನನ್ನ ನೋಡಿ, "ಪಾಪ, ಇವನಿಗೆ ಆಲೂಗಡ್ಡೆ ವಿಷಯ ಕೂಡ ಗೊತ್ತಿಲ್ಲ" ಅಂದುಬಿಟ್ರು.

ಪಾಪ ಅಂತೆ! ನನಗೆ!

"ಗೊತ್ತಿಲ್ಲದೇ ಏನು ಸ್ವಾಮಿ? ಬೇಕಂತಲೇ ತಪ್ಪು ಹೇಳಿದ್ದು. ಅದು ಮಣ್ಣೊಳಗಿರೋ ಕಾಂಡ!"

ಹುಡುಗಿ ಹಣೆ ಹಣೆ ಚಚ್ಚಿಕೊಂಡ್ಲು. "ಅಯ್ಯೋ ತಾತ, ಎರಡು ನಿಮಿಷ ಬಾಯಿ ಮುಚ್ಚಿಕೊಂಡಿರೋಕೆ ಆಗಲಿಲ್ವಾ?"

ಸಾಹೇಬರು ಪೆನ್ನು ಕೆಳಗಿಟ್ಟು ನಿಯಮ ತೆಗೆದ್ರು, ಬೆರಳಿಟ್ಟು ಓದಿದ್ರು. ಓದಿ ಮುಗಿಸಿ, "ಈ ಕೋಣೇಲಿ ನಿಜವಾಗಿ ತಪ್ಪು ಉತ್ತರ ಹೇಳಿದೋರು ಒಬ್ಬರೇ" ಅಂದು ಮೇಷ್ಟ್ರ ಹೆಸರಿಗೆ ಸೀಲು ಒತ್ತಿದ್ರು. ಮೇಷ್ಟ್ರು ತಕರಾರು ಮಾಡಲಿಲ್ಲ. ನಿಯಮ ಅಂದ್ಮೇಲೆ ನಿಯಮ.

ಹತ್ತಕ್ಕೆ ಸರಿಯಾಗಿ ಶುರುವಾಯ್ತು. ಹುಡುಗಿ ಹೇಳಿದ್ಲು, ಮೇಷ್ಟ್ರು ತಲೆ ಬಗ್ಗಿಸಿಕೊಂಡು ಬರೆದ್ರು. "ಸಾರ್, ಕಾಂಡ ಅನ್ನೋದರ ಕೆಳಗೆ ಗೆರೆ ಎಳೀರಿ" ಅನ್ನೋದು ಕಾರಿಡಾರಿಗೂ ಕೇಳಿಸ್ತಿತ್ತು.

ಅವಳು ಫಸ್ಟ್ ಕ್ಲಾಸಲ್ಲಿ ಪಾಸಾದ್ಲು. ಮೇಷ್ಟ್ರು ಈಗ ಕಾಯಂ ಲಿಪಿಕಾರರು. ಅವರ ಕ್ಲಾಸು ಖಾಲಿ ಬೀಳಬಾರದು ಅಂತ ನನಗೆ ಆರ್ಡರ್ ಆಗಿದೆ. ಗೊತ್ತಿರೋರೇ ಪಾಠ ಮಾಡಬೇಕು ಅಂತ ಯಾವ ನಿಯಮದಲ್ಲೂ ಇಲ್ಲವಂತೆ. ಆದ್ರೂ ಪರವಾಗಿಲ್ಲ, ಇವನಿಗೆ ಹೇಗೂ ಗೊತ್ತಿದೆ, ಮಾಡಲಿ ಅಂದಿದಾರೆ.